ಒಂಬೈನೂರ ತೊಂಬತ್ತೇಳರ ಆಚೆಯ ಬಾಗಿಲು

ನಮ್ಮ ಊರಿನಲ್ಲಿ ಮಗು ಹುಟ್ಟಿದ ಮೂರನೆಯ ದಿನ ಅದರ ಎಡ ಹಿಮ್ಮಡಿಯ ಮೇಲೆ ಅಂಕಿ ಮೂಡುತ್ತದೆ. ಮೊದಲು ಇರುವೆ ಸಾಲಿನ ಹಾಗೆ ಮಸುಕಾಗಿ, ಸಂಜೆಯ ಹೊತ್ತಿಗೆ ಕಾಡಿಗೆಯಲ್ಲಿ ಬರೆದಷ್ಟು ಸ್ಪಷ್ಟವಾಗಿ. ಚಾವಡಿಯವರು ಬಂದು ಓದಿಕೊಂಡು ಹೋಗುತ್ತಾರೆ. ಎರಡರಿಂದ ಭಾಗವಾದರೆ ಮಗು ಎರಡರ ಕೇರಿಯದು, ಇಲ್ಲವಾದರೆ ಮೂರು ನೋಡುತ್ತಾರೆ, ಆಮೇಲೆ ಐದು, ಏಳು, ಹನ್ನೊಂದು, ಹೀಗೆ ಚಾವಡಿಯ ಬಾಗಿಲು ಪುಸ್ತಕದಲ್ಲಿ ಇರುವಷ್ಟೂ. ಕೇರಿ ಸಿಕ್ಕಿತೆಂದರೆ ಅಲ್ಲಿಗೆ ನಿಲ್ಲಿಸುತ್ತಾರೆ. ಅಮ್ಮನದು ಎರಡರ ಕೇರಿ, ಮಗುವಿನದು ಏಳರ ಕೇರಿ ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮೂರು ಓಣಿ ದಾಟಿದರೆ ಮಗು ಆಡುತ್ತಿರುವುದು ಕಾಣುತ್ತದೆ, ಮಧ್ಯಾಹ್ನ ಉಂಡು ಹೋಗಲು ಬರುತ್ತದೆ. ಆದರೆ ಯಾವುದರಿಂದಲೂ ಭಾಗವಾಗದ ಮಗುವನ್ನು ಹಳೆಯ ಗೋಡೆಯ ಹೊರಗಿನ ಒಂಟಿಗೇರಿಗೆ ತಂದು ಬಿಡುತ್ತಾರೆ. ಅಲ್ಲಿಂದ ಅದು ಯಾರ ಮನೆಗೂ ಉಣ್ಣಲು ಹೋಗುವ ಹಾಗಿಲ್ಲ. ಅದಲ್ಲದೆ ನಮ್ಮ ಊರಿನಲ್ಲಿ ಒಬ್ಬರ ಭಾರಕ್ಕೆ ಇನ್ನೊಬ್ಬರು ಕೈ ಹಚ್ಚಬೇಕಾದರೆ ಇಬ್ಬರ ಅಂಕಿಯನ್ನೂ ಭಾಗಿಸುವ ಸಂಖ್ಯೆ ಒಂದಿರಬೇಕು. ಕೊಡ ಎತ್ತಿಕೊಡಲು, ಮಂಚದ ಇನ್ನೊಂದು ತುದಿ ಹಿಡಿಯಲು, ಬಿದ್ದವರನ್ನು ಎಬ್ಬಿಸಲು. ಒಂಟಿಗಳಿಗೆ ಯಾರೂ ಕೈ ಹಚ್ಚುವುದಿಲ್ಲ, ಒಂಟಿಗಳು ಯಾರಿಗೂ ಹಚ್ಚುವ ಹಾಗಿಲ್ಲ, ತಮ್ಮತಮ್ಮೊಳಗೂ.

ನನ್ನನ್ನು ಅಲ್ಲಿಗೆ ತಂದು ಬಿಟ್ಟಾಗ ಎತ್ತಿಕೊಂಡವಳು ಅಚ್ಚಮ್ಮಜ್ಜಿ. ಹನ್ನೆರಡು ತುಂಬುವವರೆಗೆ ಮಕ್ಕಳನ್ನು ಯಾರು ಎತ್ತಿದರೂ ಚಾವಡಿ ಕೇಳುವುದಿಲ್ಲ, ಅಷ್ಟರಮಟ್ಟಿಗೆ ಅವರಿಗೆ ಕರುಳಿದೆ. ನನಗೆ ಹನ್ನೆರಡು ತುಂಬಿದ ದಿನ ಇಬ್ಬರು ಆಳುಗಳು ಬಂದು ನಮ್ಮ ಮನೆಯ ನಡುವೆ ಎದೆಮಟ್ಟದ ಗೋಡೆ ಕಟ್ಟಿ ಹೋದರು. ಒಂದೇ ಸೂರು, ಎರಡು ಒಲೆ, ಎರಡು ಬಿಂದಿಗೆ. ನನ್ನ ಸಾರು ಸಪ್ಪೆಯಾದರೆ ಅಜ್ಜಿಗೆ ವಾಸನೆಯಲ್ಲೇ ಗೊತ್ತಾಗುತ್ತಿತ್ತು. ಗೋಡೆಯ ಮೇಲಿಂದ ಉಪ್ಪು ಎರಚುತ್ತಿದ್ದಳು. "ಎರಚಿದ್ದು ಕೈ ಹಚ್ಚಿದ ಹಾಗಲ್ಲ ಕಣೆ ಇಂದೂ, ಗಾಳೀಲಿ ಬಿದ್ದದ್ದು," ಎನ್ನುತ್ತಿದ್ದಳು. ಅರ್ಧ ಉಪ್ಪು ನನ್ನ ತಲೆಯ ಮೇಲೆ ಬೀಳುತ್ತಿತ್ತು.

ಅವಳು ಹೇಳುತ್ತಿದ್ದ ಕಥೆಗಳೂ ಆ ಗೋಡೆ ದಾಟಿಯೇ ಬರುತ್ತಿದ್ದವು. ನನಗೆ ತುಂಬ ಇಷ್ಟವಾದದ್ದು ಒಂದೇ. ಒಬ್ಬಳು ಹುಡುಗಿ ಮಡಿಲಲ್ಲಿ ಹುಣಸೆಬೀಜ ತುಂಬಿಕೊಂಡು ಹೊರಟಳು. ಎಷ್ಟು ಬೀಜ? ಹತ್ತು ಲಕ್ಷದ ಇಪ್ಪತ್ತೆರಡು ಸಾವಿರದ ನೂರ ಹದಿನೇಳು. ಅದು ಅಜ್ಜಿಯದೇ ಹಿಮ್ಮಡಿಯ ಅಂಕಿ. ಅಷ್ಟು ಬೀಜ ಮಡಿಲಲ್ಲಿ ಹಿಡಿಸುತ್ತದೆಯೇ ಎಂದು ನಾನು ಕೇಳಿದರೆ, "ಕಥೇಲಿ ಮಡಿಲು ದೊಡ್ಡದಿರುತ್ತೆ, ಸುಮ್ನಿರು," ಎನ್ನುತ್ತಿದ್ದಳು. ಮೊದಲ ಬಾಗಿಲು ತಟ್ಟಿದಳು, ಒಳಗೆ ಇಬ್ಬರು ಅಕ್ಕಂದಿರು. ಸಮನಾಗಿ ಹಂಚಿದರೆ ಒಂದು ಬೀಜ ಉಳಿಯಿತು. ಉಳಿದರೆ ಒಳಗೆ ಜಾಗವಿಲ್ಲ, ಹೋಗು ಎಂದರು. ಮೂರು ಅಕ್ಕಂದಿರ ಬಾಗಿಲಲ್ಲಿ ಎರಡು ಉಳಿಯಿತು, ಐದರಲ್ಲಿ ಎರಡು, ಏಳರಲ್ಲಿ ಐದು. ಹೀಗೆ ನೂರ ಅರವತ್ತೆಂಟು ಬಾಗಿಲು. ಕೊನೆಯದು ಒಂಬೈನೂರ ತೊಂಬತ್ತೇಳು ಅಕ್ಕಂದಿರ ಬಾಗಿಲು, ಅಲ್ಲಿ ನೂರ ತೊಂಬತ್ತೆರಡು ಬೀಜ ಉಳಿಯಿತು. ಅಲ್ಲಿಂದಾಚೆ ಕಾಡು. ಹುಡುಗಿ ಕಾಡಿಗೆ ಹೋದಳು. ಕಥೆ ಮುಗಿಯಿತು.

"ಒಂದರ ಬಾಗಿಲು ಯಾಕೆ ತಟ್ಟಲಿಲ್ಲ ಅಜ್ಜಿ?" ಎಂದು ಒಮ್ಮೆ ಕೇಳಿದ್ದೆ.

"ಒಂದಕ್ಕೆ ಬಾಗಿಲೆಲ್ಲಿದೆ ಮಗಾ. ಅದು ಬಯಲು," ಎಂದಿದ್ದಳು.

ಎಷ್ಟೋ ಮಧ್ಯಾಹ್ನ ನಾನು ಹಪ್ಪಳ ಒತ್ತುತ್ತಾ ಮನಸ್ಸಿನಲ್ಲೇ ಆ ಕಥೆಯ ಬೀದಿಯಲ್ಲಿ ನಡೆಯುತ್ತಿದ್ದೆ. ಹದಿಮೂರು ಅಕ್ಕಂದಿರ ಜಗಲಿಯಲ್ಲಿ ಹದಿಮೂರು ಜೊತೆ ಚಪ್ಪಲಿ, ನಲವತ್ತೊಂದರ ಮನೆಯಲ್ಲಿ ಸದಾ ಜಗಳ. ಹಪ್ಪಳ ಹರಿದುಹೋಗುತ್ತಿತ್ತು.

ಈ ಚೈತ್ರದಲ್ಲಿ ಅಜ್ಜಿ ಕಲ್ಯಾಣಿಯ ಮೆಟ್ಟಿಲಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಅವಳಿಗೆ ಎಪ್ಪತ್ತನಾಲ್ಕು. ಸುತ್ತ ಅರವತ್ತು ಜನ ಇದ್ದರು, ಅರವತ್ತು ಜನವೂ ಅವಳ ಹಿಮ್ಮಡಿ ನೋಡಿ ಹಿಂದೆ ಸರಿದರು. ಅವಳು ತೆವಳಿಕೊಂಡು ಮೇಲೆ ಬಂದಳು. ಮನೆ ಸೇರುವ ಹೊತ್ತಿಗೆ ಅವಳ ಮೊಣಕೈಗಳಲ್ಲಿ ಚರ್ಮವಿರಲಿಲ್ಲ. ನಾನು ಪಕ್ಕದಲ್ಲೇ ನಡೆದು ಬಂದೆ. ಕೈ ಹಚ್ಚಿದರೆ ಇಬ್ಬರನ್ನೂ ಗುಡ್ಡದ ಮನೆಗೆ ಹಾಕುತ್ತಾರೆ ಎಂದು ಅವಳೇ ನನ್ನನ್ನು ಗದರಿಸುತ್ತಿದ್ದಳು. ಆ ದಾರಿಗಾಗಿ ನಾನು ಯಾರನ್ನೂ ಕ್ಷಮಿಸಿಲ್ಲ. ನನ್ನನ್ನೂ ಸೇರಿಸಿ.

ಮಾರನೆಯ ದಿನ ಚಾವಡಿಯ ಶಿರಸ್ತೇದಾರ ವಾಮನಯ್ಯನವರು ಬಂದು ಹೊಸ್ತಿಲ ಹೊರಗೆ ನಿಂತರು. ಒಳ್ಳೆಯ ಮನುಷ್ಯ, ಯಾರನ್ನೂ ಬೈಯುವುದಿಲ್ಲ, ಅದೇ ನನಗೆ ಸಹಿಸಲಾಗದ್ದು.

"ನೋಡಮ್ಮ, ಕಾಲಾಡದವರ ನೀರು ಗಳದ ಮೇಲೆ ಬರಬೇಕು. ಹಂಡೆಗೆ ಗಳ ತೂರಿಸಿ, ಎರಡು ಭುಜದ ಮೇಲೆ. ಆ ಇಬ್ಬರೂ ನಿಮ್ಮಜ್ಜಿ ಅಂಕಿಯೊಂದಿಗೆ ಕೂಡಿ ಬರೋವ್ರಾಗಿರಬೇಕು. ಒಂಟಿಗೆ ಯಾರು ಕೂಡಿ ಬರ್ತಾರೆ ಹೇಳು. ಬರೋ ಮಂಗಳವಾರದ ಹೊತ್ತಿಗೆ ಗಳದ ನೀರು ಬರದಿದ್ದರೆ ಗುಡ್ಡದ ಮನೆಯ ಗಾಡಿ ಕಳಿಸ್ತೀನಿ."

ಗುಡ್ಡದ ಮನೆಯಲ್ಲಿ ನೀರು ಕೊಳವೆಯಿಂದ ತಾನೇ ತೊಟ್ಟಿಕ್ಕುತ್ತದೆ, ಊಟ ಗೂಡಿನಲ್ಲಿ ಇಟ್ಟಿರುತ್ತದೆ. ಅಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ. ಹೋದವರು ಮಾತು ಮರೆಯುತ್ತಾರೆ ಎನ್ನುತ್ತಾರೆ.

ಐದು ದಿನ ಉಳಿದಿತ್ತು. ನಾನು ನನ್ನ ಬಿಂದಿಗೆಯ ಅರ್ಧ ನೀರನ್ನು ಗೋಡೆಯ ಮೇಲಿಂದ ಅವಳ ಪಾತ್ರೆಗೆ ಸುರಿಯುತ್ತಿದ್ದೆ. ಗಾಳಿಯಲ್ಲಿ ಬಿದ್ದ ನೀರು. ಅಜ್ಜಿ ನೋವಿಗೆ ಹಲ್ಲು ಕಚ್ಚಿಕೊಂಡು ಮಲಗಿರುತ್ತಿದ್ದಳು. ಶುಕ್ರವಾರ ಮಧ್ಯಾಹ್ನ, "ಏನಾದ್ರೂ ಹೇಳೇ," ಎಂದಳು. ನನಗೆ ಬರುತ್ತಿದ್ದದ್ದು ಅವಳದೇ ಕಥೆ. ಹೇಳುತ್ತಾ ಹೋದೆ. ಒಂಬೈನೂರ ತೊಂಬತ್ತೇಳಕ್ಕೆ ಬಂದಾಗ ನಾಲಿಗೆ ನಿಂತಿತು. ಆ ಹುಡುಗಿಯನ್ನು ಕಾಡಿಗೆ ಕಳಿಸಲು ನನ್ನಿಂದ ಆಗಲಿಲ್ಲ.

"ಆಮೇಲೆ ಇನ್ನೊಂದು ಬಾಗಿಲಿತ್ತು," ಎಂದೆ.

"ಇಲ್ವಲ್ಲೇ."

"ಇತ್ತು. ನೀನು ನೋಡಿರಲಿಲ್ಲ."

ಸುಮ್ಮನೆ ಹೇಳಿದ ಮಾತು. ಆದರೆ ಹೇಳಿದ ಮೇಲೆ ಬಾಗಿಲು ಎಲ್ಲಿದೆ ಎಂದು ತೋರಿಸಬೇಕಲ್ಲ. ಇದ್ದಿಲು ತೆಗೆದುಕೊಂಡು ನೆಲದ ಮೇಲೆ ಕೂತೆ. ಒಂಬೈನೂರ ತೊಂಬತ್ತೆಂಟು ಎರಡರವರದೇ, ಹೊಸ ಬಾಗಿಲಲ್ಲ. ಅದರ ಮುಂದಿನದು ಮೂರರವರದು. ಸಾವಿರದ ಒಂದನ್ನು ತಟ್ಟಿದರೆ ಒಳಗಿಂದ ಏಳರವರು ಇಣುಕಿದರು. ಸಾವಿರದ ಮೂರರಲ್ಲಿ ಹದಿನೇಳರವರು, ಸಾವಿರದ ಏಳರಲ್ಲಿ ಹತ್ತೊಂಬತ್ತರವರು. ಎಲ್ಲ ಆಗಲೇ ಹೋಗು ಎಂದವರೇ. ಸಾವಿರದ ಒಂಬತ್ತರ ಬಾಗಿಲಲ್ಲಿ ಹಳಬರು ಯಾರೂ ಸಿಗಲಿಲ್ಲ. ಹೊಸ ಬಾಗಿಲು.

ಭಾಗ ಹಾಕಿದೆ. ಒಂದು ಸಲ ಹೋಯಿತು, ಹದಿಮೂರು ಉಳಿಯಿತು. ಒಂದು ಅಂಕಿ ಇಳಿಸಿದೆ, ಹೋಗಲಿಲ್ಲ, ಸೊನ್ನೆ. ಮತ್ತೊಂದು ಇಳಿಸಿದೆ, ಒಂದು ಸಲ ಹೋಯಿತು, ಮುನ್ನೂರ ಎರಡು ಉಳಿಯಿತು. ಕೊನೆಯ ಏಳನ್ನು ಇಳಿಸಿದೆ. ಮೂರು ಸಾವಿರದ ಇಪ್ಪತ್ತೇಳು. ಸಾವಿರದ ಒಂಬತ್ತು ಮೂರಲೆ ಮೂರು ಸಾವಿರದ ಇಪ್ಪತ್ತೇಳು.

ಏನೂ ಉಳಿಯಲಿಲ್ಲ. ಸಾವಿರದ ಒಂಬತ್ತು ಅಕ್ಕಂದಿರು, ಒಬ್ಬೊಬ್ಬಳಿಗೆ ಸಾವಿರದ ಹದಿಮೂರು ಬೀಜ, ಮಡಿಲು ಖಾಲಿ.

ಗೋಡೆಯ ಆಚೆ ಅಜ್ಜಿಗೆ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ. ಅವಳು, "ಹಂಗಾದ್ರೆ ನಮ್ಮವ್ವ ನನ್ನನ್ನ ಸುಮ್ಸುಮ್ನೆ ಕೊಟ್ಟುಬಿಟ್ಟಳು," ಎಂದಳು. ಆಮೇಲೆ, "ನಿಂದು ನೋಡಿದ್ಯಾ?"

ನನ್ನದು ಹತ್ತು ಲಕ್ಷದ ಮೂರು. ನೋಡಿದೆ. ಸಾವಿರದ ಒಂಬತ್ತರಲ್ಲಿ ಎಂಬತ್ತನಾಲ್ಕು ಉಳಿಯಿತು. ಅದರಾಚೆ ನೋಡುವುದೂ ಬೇಕಿರಲಿಲ್ಲ. ನನ್ನ ಅಂಕಿಯನ್ನು ಎರಡು ಪಾಲಾಗಿ ಒಡೆದಾಗ ಒಂದು ಪಾಲು ಸಾವಿರದ ಒಂಬತ್ತಕ್ಕಿಂತ ದೊಡ್ಡದಾದರೆ ಇನ್ನೊಂದು ಸಾವಿರದೊಳಗೆ ಬೀಳಲೇಬೇಕು, ಸಾವಿರದೊಳಗಿನ ಬಾಗಿಲುಗಳನ್ನೆಲ್ಲ ನನ್ನ ಹಿಮ್ಮಡಿಗೆ ತಟ್ಟಿ ಆಗಿದೆ. ನಾನು ನಿಜವಾಗಿಯೂ ಒಂಟಿ. ಅಜ್ಜಿ ಅಲ್ಲ. ಎಪ್ಪತ್ತನಾಲ್ಕು ವರ್ಷ ಅವಳು ಒಂಟಿಯಾಗಿದ್ದದ್ದು ಯಾರೋ ಇನ್ನೊಂದು ಬಾಗಿಲು, ಒಂದೇ ಒಂದು ಬಾಗಿಲು, ತಟ್ಟಲು ಸೋಮಾರಿತನ ಮಾಡಿದ್ದಕ್ಕೆ.

ಶನಿವಾರ ಚಾವಡಿಗೆ ಹೋದೆ. ಒಂಟಿಗಳು ಕೆಳಗಿನ ಮೆಟ್ಟಿಲಲ್ಲಿ ನಿಂತು ಮಾತಾಡಬೇಕು. ನಾನು ಇದ್ದಿಲಿನಲ್ಲಿ ಆ ಮೆಟ್ಟಿಲ ಮೇಲೆಯೇ ಭಾಗ ಹಾಕಿ ತೋರಿಸಿದೆ. ವಾಮನಯ್ಯನವರು ಕನ್ನಡಕ ಏರಿಸಿ ನೋಡಿದರು, ತುಟಿ ಅಲುಗಿಸುತ್ತಾ ತಾವೂ ಲೆಕ್ಕ ಮಾಡಿದರು.

"ಸರಿಯಾಗೇ ಇದೆ," ಎಂದರು. "ಆದ್ರೆ ಬಾಗಿಲು ಪುಸ್ತಕ ಒಂಬೈನೂರ ತೊಂಬತ್ತೇಳಕ್ಕೆ ಮುಗಿಯುತ್ತಲ್ಲಮ್ಮ."

"ಪುಸ್ತಕ ಮುಗಿಯುತ್ತೆ. ಸಂಖ್ಯೆ ಮುಗಿಯುತ್ತಾ?"

"ಹಿರಿಯರು ಅಲ್ಲಿಗೆ ನಿಲ್ಲಿಸಿದಾರೆ ಅಂದ್ರೆ ಏನೋ ಕಾರಣ ಇರುತ್ತೆ."

"ಕೊನೇ ಹಾಳೆ ತೋರಿಸಿ."

ತೋರಿಸಿದರು. ಪುಸ್ತಕಕ್ಕೆ ಯಾವ ಕಾಲದಲ್ಲೋ ಕೆಂಪು ಬಟ್ಟೆಯ ರಟ್ಟು ಹಾಕಿದ್ದರು. ಕೊನೆಯ ಹಾಳೆಯ ಕೆಳಗಿನ ಎರಡು ಸಾಲು ಅಂಟಿನೊಳಗೆ ಅರ್ಧ ಮುಚ್ಚಿಹೋಗಿತ್ತು. ಅವರೇ ಉಗುರಿನಿಂದ ಕೆರೆದು ಓದಿದರು: ಹತ್ತು ಲಕ್ಷದವರೆಗಿನವರಿಗೆ ಇಷ್ಟು ಬಾಗಿಲು ಸಾಕು, ಅದಕ್ಕೆ ಮೇಲ್ಪಟ್ಟವರಿಗೆ ಮುಂದೆ ಹುಡುಕತಕ್ಕದ್ದು.

ಸಾವಿರ ಸಾವಿರಲೆ ಹತ್ತು ಲಕ್ಷ. ಬರೆದವರಿಗೆ ಅದು ಗೊತ್ತಿತ್ತು. ಅವರ ಕಾಲದಲ್ಲಿ ಅದಕ್ಕಿಂತ ದೊಡ್ಡ ಅಂಕಿಯವರು ಹುಟ್ಟುತ್ತಲೇ ಇರಲಿಲ್ಲವಂತೆ. ಆಮೇಲೆ ಅಂಕಿ ಬೆಳೆಯಿತು, ಪುಸ್ತಕ ಬೆಳೆಯಲಿಲ್ಲ. ರಟ್ಟು ಮಾತ್ರ ಹೊಸದಾಯಿತು.

ನನಗೆ ಅಳು ಬರಲಿಲ್ಲ. ಆ ಚಾವಡಿಯ ಹೆಂಚುಗಳನ್ನೆಲ್ಲ ಒಂದೊಂದಾಗಿ ಕಿತ್ತು ಎಸೆಯಬೇಕು ಎನ್ನಿಸಿತು. ಎಷ್ಟು ಹೆಂಚುಗಳಿರಬಹುದು ಎಂದು ಎಣಿಸಲೂ ಶುರು ಮಾಡಿದ್ದೆ.

"ಒಂಟಿಗೇರಿಯಲ್ಲಿ ಹತ್ತು ಲಕ್ಷ ದಾಟಿದವರು ಹದಿನೇಳು ಜನ ಇದಾರೆ," ಎಂದೆ. "ಅವರದ್ದೆಲ್ಲ ಹುಡುಕಿದ್ದೀರಾ?"

"ಮುಂದೆ ಹುಡುಕೋಕೆ ಯಾರಿಗಿದೆ ಪುರಸೊತ್ತು ಹೇಳು? ವಾರಕ್ಕೆ ಎಂಟು ಹತ್ತು ಮಕ್ಕಳು ಹುಟ್ತವೆ." ಆ ಮಾತಿನಲ್ಲಿ ಕೆಟ್ಟತನವೇನೂ ಇರಲಿಲ್ಲ. ಅವರಿಗೆ ನಿಜವಾಗಿಯೂ ಪುರಸೊತ್ತಿರಲಿಲ್ಲ. "ಆಯ್ತು, ನಿಮ್ಮಜ್ಜಿಯನ್ನ ಸಾವಿರದ ಒಂಬತ್ತು ಅಂತ ಬರ್ಕೋತೀನಿ. ಆದ್ರೆ ಸಾವಿರದ ಒಂಬತ್ತರ ಕೇರಿ ಅಂತ ಊರಲ್ಲಿಲ್ವಲ್ಲ. ಮಂಗಳವಾರದ ಒಳಗೆ ಎರಡು ಭುಜ ತಂದು ತೋರಿಸು."

ನಮ್ಮ ಊರಿನಲ್ಲಿ ಪ್ರತಿ ಮನೆಯ ಬಾಗಿಲ ಪಕ್ಕದಲ್ಲೂ ಮನೆಯವರ ಅಂಕಿಗಳನ್ನು ಸುಣ್ಣದಲ್ಲಿ ಬರೆದಿರುತ್ತಾರೆ. ಭಾನುವಾರ ಬೆಳಿಗ್ಗೆಯಿಂದ ಸೋಮವಾರ ಮಧ್ಯಾಹ್ನದವರೆಗೆ ನಾನು ಬಾಗಿಲಿಂದ ಬಾಗಿಲಿಗೆ ಹೋದೆ. ಕೇರಿ ಸಿಕ್ಕ ಕೂಡಲೇ ಚಾವಡಿಯವರು ನಿಲ್ಲಿಸುತ್ತಾರಲ್ಲ, ಆದ್ದರಿಂದ ತನ್ನೊಳಗೆ ಇನ್ನೂ ಏನೇನು ಅಡಗಿದೆ ಎಂದು ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಸಾವಿರದ ಒಂಬತ್ತು, ಇಲ್ಲವೇ ಸಾವಿರದ ಹದಿಮೂರು, ಎರಡರಲ್ಲಿ ಯಾವುದು ಹೋದರೂ ಆಯಿತು. ಬೆರಳೆಲ್ಲ ಇದ್ದಿಲಾಯಿತು. ಜನ ಕಿಟಕಿಯಿಂದ ನೋಡಿ ನಕ್ಕರು. "ಒಂಟಿಗೆ ಬಿಸಿಲು ಹೊಡೆದಿದೆ," ಎಂದರು. ಸಾವಿರದ ಹದಿಮೂರರವನು ಒಬ್ಬ ಸಿಕ್ಕಿದ, ಅವನು ಹೋದ ವರ್ಷವೇ ತೀರಿಕೊಂಡಿದ್ದ, ಅಂಕಿ ಅಳಿಸಿರಲಿಲ್ಲ. ಸಾವಿರದ ಒಂಬತ್ತರವರು ಇಬ್ಬರು. ಒಂದು ಐದರ ಕೇರಿಯ ತೊಟ್ಟಿಲಲ್ಲಿತ್ತು, ಆರು ತಿಂಗಳ ಹೆಣ್ಣುಮಗು, ನನ್ನನ್ನು ನೋಡಿ ಜೊಲ್ಲು ಸುರಿಸಿತು. ಇನ್ನೊಬ್ಬಳು ಹುರಿಗಡಲೆ ಕೆಂಚಮ್ಮ.

ಕಲ್ಯಾಣಿಯ ದಾರಿಯಲ್ಲಿ ಅವಳ ಅಂಗಡಿ. ಎರಡರ ಕೇರಿಯಲ್ಲೇ ಎತ್ತರದ ಹೆಂಗಸು. ಒಂಟಿಗಳು ಕಡಲೆ ಕೊಳ್ಳಲು ಹೋದರೆ ಬೇರೆ ಸೇರು ತೆಗೆಯುತ್ತಾಳೆ. ಅವಳ ಅಂಕಿ ಆರು ಲಕ್ಷದ ಹತ್ತೊಂಬತ್ತು ಸಾವಿರದ ಐನೂರ ಇಪ್ಪತ್ತಾರು. ಸಾವಿರದ ಒಂಬತ್ತರಿಂದ ಆರುನೂರ ಹದಿನಾಲ್ಕು ಸಲ ಹೋಗುತ್ತದೆ, ಏನೂ ಉಳಿಯುವುದಿಲ್ಲ. ಅವಳ ಅಂಗಡಿಯ ಮುಂದಿನ ಕಲ್ಲಿನ ಮೇಲೆ ಬರೆದು ತೋರಿಸಿದೆ. ಅವಳು ಬಾಣಲೆಯಲ್ಲಿ ಮರಳು ಕೆದಕುತ್ತಲೇ ಇದ್ದಳು.

"ನನ್ನೊಳಗೆ ಏನೇನಿದೆ ಅಂತ ಹುಡುಕೋಕೆ ನಿಂಗ್ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ. ಅಜ್ಜಿಗೆ ನೀರು ಬೇಕು."

"ನಂಗೆ ಎರಡು ಸಾಕು. ನಮ್ಮಪ್ಪಂಗೂ ಎರಡೇ, ನನ್ನ ಗಂಡಂಗೂ ಎರಡೇ. ಐವತ್ತೆರಡು ವರ್ಷ ಸಾಕಾಗಿತ್ತು, ಇವತ್ತು ನಿನ್ನ ಸಾವಿರದ ಒಂಬತ್ತು ತಗೊಂಡು ಎಲ್ಲಿಡ್ಲಿ? ಕಲ್ಲು ಒರೆಸಿ ಹೋಗು, ಗಿರಾಕಿಗಳು ನೋಡ್ತಾರೆ."

"ಮುದುಕಿ ತೆವಳಿಕೊಂಡು ಹೋದ್ಲಲ್ಲ, ನಿಮ್ಮ ಅಂಗಡಿ ಮುಂದೇನೇ. ಆವತ್ತು ನೀವು ಬಾಣಲೆಯಿಂದ ತಲೆ ಎತ್ತಲಿಲ್ಲ."

"ಆವತ್ತು ಅವಳು ಒಂಟಿ."

"ಆವತ್ತೂ ಅವಳು ನಿಮ್ಮೋಳೇ. ನಿಮಗೆ ಗೊತ್ತಿರಲಿಲ್ಲ, ಅಷ್ಟೇ."

ಮರಳು ಕೆದಕುವ ಸದ್ದು ನಿಂತಿತು. ಕಡಲೆ ಸೀಯುವ ವಾಸನೆ ಬಂತು. ನಾನು ಕಲ್ಲು ಒರೆಸದೆ ಬಂದೆ.

ಲೆಕ್ಕ ಸರಿ ಬಂದರೆ ಸಾಕು, ಮಿಕ್ಕಿದ್ದು ತಾನಾಗಿ ಸರಿಯಾಗುತ್ತದೆ ಎಂದು ನಾನು ನಂಬಿದ್ದೆ. ಅಜ್ಜಿಯ ಕಥೆಗಳಲ್ಲಿ ಹಾಗೆಯೇ ಆಗುತ್ತಿತ್ತು, ಬೀಜ ಉಳಿಯದಿದ್ದರೆ ಬಾಗಿಲು ತೆರೆಯಲೇಬೇಕು. ಇಲ್ಲಿ ಬೀಜ ಉಳಿಯಲಿಲ್ಲ, ಬಾಗಿಲೂ ತೆರೆಯಲಿಲ್ಲ. ಅಜ್ಜಿಗೆ ಹೇಳಿದರೆ, "ಬಿಡು, ಗುಡ್ಡದ ಮೇಲೆ ಗಾಳಿ ಚೆನ್ನಾಗಿರುತ್ತಂತೆ," ಎಂದಳು. ಅವಳು ಹೇಳಿದ ಕಥೆಗಳಲ್ಲೆಲ್ಲ ಅತ್ಯಂತ ಕೆಟ್ಟದ್ದು ಅದೇ.

ಮಂಗಳವಾರ ಬೆಳಿಗ್ಗೆ ಗಾಡಿ ಬಂದು ಬೇವಿನ ಮರದ ಕೆಳಗೆ ನಿಂತಿತು. ಗಾಡಿಯವನು ಬೀಡಿ ಹಚ್ಚಿದ. ಕಲ್ಯಾಣಿಯಿಂದ ನೀರು ತರುವ ಹೊತ್ತು ಮುಗಿಯುವವರೆಗೆ ಕಾಯಬೇಕು, ಅದೂ ನಿಯಮವೇ. ನಾನು ಹೊಸ್ತಿಲಲ್ಲಿ ಕಲ್ಲು ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ. ಯಾರಿಗೆ ಹೊಡೆಯುವುದೆಂದು ನಿರ್ಧಾರವಾಗಿರಲಿಲ್ಲ.

ಓಣಿಯ ತುದಿಯಲ್ಲಿ ಕೆಂಚಮ್ಮ ಕಾಣಿಸಿದಳು. ಹೆಗಲ ಮೇಲೆ ಬಿದಿರ ಗಳ, ಕೈಯಲ್ಲಿ ಖಾಲಿ ಹಂಡೆ. ಕಣ್ಣು ಕೆಂಪಾಗಿತ್ತು.

"ಮೂರು ಸಲ ಭಾಗ ಹಾಕ್ದೆ," ಎಂದಳು, ನನ್ನನ್ನು ಬೈಯುವ ದನಿಯಲ್ಲಿ. "ಕಡಲೆ ಎಣಿಸಿಟ್ಕೊಂಡು ಹಾಕ್ದೆ. ಮೂರು ಸಲಾನೂ ಏನೂ ಉಳೀಲಿಲ್ಲ, ಹಾಳಾದ್ದು. ಎಲ್ಲಿ ಇನ್ನೊಂದು ಭುಜ?"

"ತೊಟ್ಟಿಲಲ್ಲಿದೆ," ಎಂದೆ.

ಅವಳು ಗಾಡಿಯನ್ನು ನೋಡಿದಳು. ಒಳಗೆ ಮಲಗಿದ್ದ ಅಜ್ಜಿಯನ್ನು ನೋಡಿದಳು, ಅವಳ ಮೊಣಕೈಗಳನ್ನು. ಆಮೇಲೆ ನನ್ನ ಕೈಯಲ್ಲಿದ್ದ ಕಲ್ಲನ್ನು.

"ಅದನ್ನ ಕೆಳಗಿಡು. ಬಾ, ಹಿಡಿ."

"ನಾನು ಒಂಟಿ. ನಿಜವಾದ ಒಂಟಿ. ಲೆಕ್ಕ ನೋಡಿ ಆಗಿದೆ."

"ನಿನ್ನ ಲೆಕ್ಕ ಕೇಳಿದ್ನಾ? ಒಂದು ತುದೀಲಿ ಹೊತ್ರೆ ಹಂಡೆ ನಿಲ್ಲಲ್ಲ. ಹಿಡಿ ಅಂದೆ."

ಹುಟ್ಟಿದಾಗಿನಿಂದ ನಾನು ಇನ್ನೊಬ್ಬರೊಂದಿಗೆ ಏನನ್ನೂ ಹೊತ್ತಿರಲಿಲ್ಲ. ಗಳ ಭುಜಕ್ಕೆ ಬಂದಾಗ ಆಚೆ ತುದಿಯ ಹೆಜ್ಜೆ ಈಚೆ ತುದಿಯಲ್ಲಿ ಕೇಳಿಸುತ್ತದೆ ಎಂದು ಗೊತ್ತಿರಲಿಲ್ಲ. ಕೆಂಚಮ್ಮ ಎತ್ತರ, ನಾನು ಗಿಡ್ಡ. ಕಲ್ಯಾಣಿಯಿಂದ ಮೇಲೆ ಹತ್ತುವಾಗ ತುಂಬಿದ ಹಂಡೆ ನನ್ನ ಕಡೆಗೆ ಜಾರಿ ಬಂದು ಎದೆಯವರೆಗೆ ನೆನೆಸಿತು. ಮೆಟ್ಟಿಲ ಮೇಲೆ ಜನ ನಿಂತರು. ಯಾರೋ ಓಡಿಹೋಗಿ ಕರೆದರು, ವಾಮನಯ್ಯನವರು ಪುಸ್ತಕ ಕಂಕುಳಲ್ಲಿಟ್ಟುಕೊಂಡು ಬಂದು ದಾರಿಗೆ ಅಡ್ಡ ನಿಂತರು.

"ಕೆಂಚಮ್ಮನದು ಸರಿ. ಅದನ್ನ ನಾನು ಒಪ್ತೀನಿ," ಎಂದರು. "ನಿನಗೂ ನಿಮ್ಮಜ್ಜಿಗೂ ಕೂಡಿ ಬರೋದು ಯಾವುದಮ್ಮ? ಇಬ್ಬರನ್ನೂ ಭಾಗಿಸೋ ಸಂಖ್ಯೆ ಹೇಳು."

ಹಂಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅಜ್ಜಿಯ ಬಯಲು ನೆನಪಾಯಿತು.

"ಒಂದು," ಎಂದೆ.

"ಒಂದನ್ನ ಲೆಕ್ಕಕ್ಕೆ ಹಿಡಿಯೋಲ್ಲ."

"ಭಾಗ ಹೋಗಲ್ವಾ?"

"ಹೋಗುತ್ತೆ."

"ಏನಾದ್ರೂ ಉಳಿಯುತ್ತಾ?"

"ಉಳಿಯಲ್ಲ. ಆದ್ರೆ ಅದು ಎಲ್ಲರಿಗೂ ಹೋಗುತ್ತಲ್ಲಮ್ಮ."

"ಹಿಡಿಯಬಾರದು ಅಂತ ಎಲ್ಲಿ ಬರೆದಿದೆ, ತೋರಿಸಿ."

ಅವರು ಪುಸ್ತಕ ತೆರೆದರು. ಮೊದಲ ಹಾಳೆಯಲ್ಲಿ ಎರಡು ಇತ್ತು. ಅದರ ಹಿಂದೆ ತಿರುಗಿಸಿದರು, ಕೆಂಪು ರಟ್ಟು. ರಟ್ಟಿನ ಅಂಚನ್ನು ಉಗುರಿನಿಂದ ಕೆರೆಯತೊಡಗಿದರು, ಅಲ್ಲಿಯೂ ಅಂಟಿನೊಳಗೆ ಎರಡು ಸಾಲು ಇರಬಹುದು ಎಂಬಂತೆ. ಸುತ್ತ ನಿಂತವರು ಯಾರೂ ನಗಲಿಲ್ಲ. ಆವತ್ತು ಹಿಂದೆ ಸರಿದ ಅರವತ್ತು ಜನರಲ್ಲಿ ಅರ್ಧ ಮುಖ ನನಗೆ ಅಲ್ಲಿ ಗುರುತು ಸಿಕ್ಕಿತು. ಒಬ್ಬೊಬ್ಬರ ಮುಖವನ್ನೂ ದಿಟ್ಟಿಸಿ ನೋಡಿದೆ.

"ಅವರು ಕೆರೀತಾ ಇರ್ಲಿ. ನಡಿಯೇ, ನನ್ನ ಭುಜ ಕಿತ್ತು ಬರ್ತಿದೆ," ಎಂದಳು ಕೆಂಚಮ್ಮ.

ನಾವು ಅವರನ್ನು ಬಳಸಿ ಮುಂದೆ ಹೋದೆವು. ಗಾಡಿಯವನು ಗಳದ ನೀರು ಮನೆಯೊಳಗೆ ಹೋದದ್ದನ್ನು ನೋಡಿ ಬೀಡಿ ಆರಿಸಿ ಎತ್ತು ತಿರುಗಿಸಿದ. ಆದರೆ ಒಳಗೆ ಹೋದದ್ದು ಅಷ್ಟು ಸುಲಭವಾಗಿ ಅಲ್ಲ. ಗಳ ಉದ್ದವಿತ್ತು, ಮನೆಯ ನಡುವೆ ಗೋಡೆಯಿತ್ತು, ಹಂಡೆ ಅಜ್ಜಿಯ ಕಡೆಗೆ ತಿರುಗಲಿಲ್ಲ. ಕೆಂಚಮ್ಮ ಗೋಡೆಯನ್ನು ಮೇಲಿಂದ ಕೆಳಗೆ ನೋಡಿ, "ಇದನ್ಯಾರು ಇಲ್ಲಿ ಕಟ್ಟಿದ್ದು, ತಲೆ ಇಲ್ದೋರು," ಎಂದು ಹಂಡೆ ಇಳಿಸಿ, ಸೀರೆ ಸೊಂಟಕ್ಕೆ ಸಿಕ್ಕಿಸಿ, ಮೇಲಿನ ಇಟ್ಟಿಗೆಯನ್ನು ಅಲುಗಿಸತೊಡಗಿದಳು. ನಾನು ಹೊಸ್ತಿಲಿಗೆ ಹೋಗಿ ಬೆಳಿಗ್ಗೆ ಇಟ್ಟಿದ್ದ ಕಲ್ಲನ್ನು ತಂದೆ.